ಕೆಂಪು ಟೋಪಿ, ಕಪ್ಪು ಶಾಯಿ

ಚಿತ್ರಗಳಲ್ಲಿ ಕ್ರೈಸ್ತ ಸಂತ ಜೆರೋಮ್ ಅಂದ್ರೆ ಕೆಂಪು ಟೋಪಿ. ಆದರೆ 17ನೇ ಶತಮಾನದ ಹೆಚ್ಚಿನ ಅಚ್ಚುಚಿತ್ರಗಳಲ್ಲಿ ಆ ಕೆಂಪೇ ಇಲ್ಲ. ತಾಮ್ರದ ತಗಡಿನಿಂದ ಕಾಗದಕ್ಕೆ ಇಳಿಯುತ್ತಿದ್ದದ್ದು ಸಾಮಾನ್ಯವಾಗಿ ಕಪ್ಪು ಶಾಯಿ ಮಾತ್ರ. ಹಾಗಾಗಿ ಆಕಾರವೇ ಮಾತಾಡಬೇಕಿತ್ತು. ಅಗಲ ಅಂಚಿನ ಟೋಪಿ, ಸಿಂಹ, ತಲೆಬುರುಡೆ, ಪುಸ್ತಕ ಕಂಡರೆ ಸಾಕು, ಹೆಸರು ಬರೆಯದಿದ್ದರೂ ಗುರುತು ಸಿಗುತ್ತಿತ್ತು.

ಬೈಬಲನ್ನು ಲ್ಯಾಟಿನ್‌ಗೆ ತಂದ ಈ ವಿದ್ವಾಂಸರು ತೀರಿಕೊಂಡದ್ದು ಸುಮಾರು 420ರಲ್ಲಿ. ಆ ಟೋಪಿ ಕಾರ್ಡಿನಲ್‌ಗಳದು, ಅಂದರೆ ಪೋಪ್‌ಗಿಂತ ಕೆಳಗಿನ ಹಿರಿಯ ಧರ್ಮಗುರುಗಳದು. ಅವರಿಗೆ ಅದು ಬಂದದ್ದು 13ನೇ ಶತಮಾನದಲ್ಲಿ! ಅಂದರೆ ಟೋಪಿ ಇತಿಹಾಸವಲ್ಲ, ಚರ್ಚ್ ಕೊಟ್ಟ ಮರ್ಯಾದೆ. ಜೆರೋಮ್ ಸಿಂಹದ ಪಂಜದಿಂದ ಮುಳ್ಳು ತೆಗೆದರು ಎಂಬ ಕಥೆಯೂ ಮೂಲದಲ್ಲಿ ಗೆರಾಸಿಮಸ್ ಎಂಬ ಬೇರೊಬ್ಬ ಸಂತರದು. ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟರು ಲ್ಯಾಟಿನ್ ಬೈಬಲ್ಲನ್ನೇ ಪ್ರಶ್ನಿಸಿದಾಗ, 1546ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಅದೇ ಅಧಿಕೃತ ಎಂದು ಸಾರಿತು. ಆಮೇಲೆ ಜೆರೋಮ್ ಚಿತ್ರಕ್ಕೆ ತೂಕ ಇನ್ನೂ ಹೆಚ್ಚಿತು.

ನೇಪಲ್ಸ್‌ನಲ್ಲಿದ್ದ ಸ್ಪೇನಿನ ಕಲಾವಿದ ರಿಬೆರಾ 1621ರ ಸುಮಾರಿಗೆ ತನ್ನ ಅಚ್ಚುಚಿತ್ರದಲ್ಲಿ ಜೆರೋಮ್‌ರನ್ನು ಬೆಚ್ಚಿಬೀಳಿಸಿದ. ಓದುತ್ತಾ ಕೂತ ಮುದುಕನಿಗೆ ಮೇಲಿನಿಂದ, ಲೋಕಾಂತ್ಯದಲ್ಲಿ ದೇವರು ಕೊಡುವ ಕೊನೆಯ ತೀರ್ಪಿನ ತುತ್ತೂರಿ ಕೇಳುತ್ತದೆ. ಸುಕ್ಕುಗಟ್ಟಿದ ಮೈ, ಎಲುಬು ಕಾಣುವ ಎದೆ. ವಿದ್ಯೆ ಎಷ್ಟಿದ್ದರೂ ಸಾವಿಗೆ ವಿನಾಯಿತಿ ಇಲ್ಲ. ಪಕ್ಕದ ತಲೆಬುರುಡೆ ಹೇಳುವುದೂ ಅದನ್ನೇ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಮಾಡಿದ ಅಚ್ಚುಚಿತ್ರ. ಆಗ ಆತನಿದ್ದ ಆಮ್‌ಸ್ಟರ್‌ಡ್ಯಾಮ್ ಪ್ರೊಟೆಸ್ಟೆಂಟ್ ಊರು. ಸಂತರ ಪೂಜೆಗೆ ಅಲ್ಲಿ ಬಹಿರಂಗವಾಗಿ ಜಾಗವಿರಲಿಲ್ಲ, ಓದುವ ಮನುಷ್ಯನಿಗಿತ್ತು. ಕೋಣೆ ಪೂರ್ತಿ ಕತ್ತಲೆ. ಒಂದೇ ಕಿಟಕಿ, ಅದರ ಪಕ್ಕ ತಲೆಗೆ ಕೈಕೊಟ್ಟು ಕೂತ ಜೆರೋಮ್, ಸುತ್ತಿ ಮೇಲೇರುವ ಮೆಟ್ಟಿಲು. ಇಲ್ಲಿ ಬೆಳಕೇ ದೊಡ್ಡ ಸಂಕೇತ, ಅಲ್ವಾ?

ಆ ಕತ್ತಲೆ ಹುಟ್ಟುವ ಬಗೆ ನೋಡಿ. ತಗಡಿಗೆ ಮೇಣದಂಥ ಲೇಪ ಬಳಿದು ಸೂಜಿಯಿಂದ ಗೀರುತ್ತಾರೆ. ಆಮ್ಲದಲ್ಲಿಟ್ಟರೆ ಗೀರಿದ ಕಡೆ ಮಾತ್ರ ತಾಮ್ರ ಕರಗುತ್ತದೆ. ಜಾಸ್ತಿ ಹೊತ್ತು ಇಟ್ಟಷ್ಟೂ ಗೆರೆ ಆಳವಾಗಿ ಹೆಚ್ಚು ಶಾಯಿ ಹಿಡಿಯುತ್ತದೆ. ಗೆರೆಯ ಮೇಲೆ ಅಡ್ಡಗೆರೆ ಹೆಣೆದರೆ ಕಪ್ಪು ದಟ್ಟವಾಗುತ್ತದೆ. ಬೆಳಕಿಗೆ ಮಾತ್ರ ಏನೂ ಮಾಡಬೇಕಿಲ್ಲ, ಅದು ಗೀರದೆ ಬಿಟ್ಟ ಕಾಗದದ ಬಿಳುಪು. ಮತ್ತೆ ಮತ್ತೆ ಒತ್ತಿದಾಗ ತಗಡು ಸವೆದು ಕಪ್ಪು ತೆಳುವಾಗುತ್ತದೆ. ಆದ್ದರಿಂದ ರೆಂಬ್ರಾಂಟನ ಆ ಕೋಣೆಯ ನಿಜವಾದ ಕತ್ತಲೆ ಕಾಣಬೇಕಾದರೆ ಮೊದಮೊದಲು ಒತ್ತಿದ ಪ್ರತಿಯನ್ನೇ ನೋಡಬೇಕು.