ಮ್ಯಾಥ್ಯೂ ಪರಿಣಾಮ

ಈಗಾಗಲೇ ಹೆಸರು ಮಾಡಿದವರಿಗೇ ಮತ್ತಷ್ಟು ಹೆಸರು ಸೇರುತ್ತಾ ಹೋಗುವುದನ್ನು, ಜೊತೆಗೆ ದುಡಿದವರ ಪಾಲೂ ಅವರ ಲೆಕ್ಕಕ್ಕೇ ಬೀಳುವುದನ್ನು ಸಮಾಜಶಾಸ್ತ್ರಜ್ಞರು ಹೀಗೆ ಕರೆಯುತ್ತಾರೆ. ಅಮೆರಿಕದ ರಾಬರ್ಟ್ ಮರ್ಟನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆದ ಲೇಖನದಿಂದ ಈ ಮಾತು ಚಾಲ್ತಿಗೆ ಬಂತು. ಇದ್ದವನಿಗೆ ಇನ್ನಷ್ಟು ಕೊಡಲಾಗುವುದು, ಇಲ್ಲದವನಿಂದ ಇದ್ದದ್ದನ್ನೂ ಕಿತ್ತುಕೊಳ್ಳಲಾಗುವುದು ಎಂದು ಬೈಬಲ್ಲಿನ ಮತ್ತಾಯನ (ಇಂಗ್ಲಿಷಿನಲ್ಲಿ ಮ್ಯಾಥ್ಯೂ) ಸುವಾರ್ತೆ ಹೇಳುತ್ತದೆ. ಹೆಸರು ಬಂದದ್ದು ಅಲ್ಲಿಂದ.

ಹಾಸನ ಜಿಲ್ಲೆಯವರು ಇದನ್ನು ಅರಿಯಲು ಬೇಲೂರಿನ ತನಕ ಹೋದರೆ ಸಾಕು. ಈ ಗುಡಿ ಕೆತ್ತಿದವರು ಯಾರು ಎಂದು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳನ್ನು ಕೇಳಿ, ಜಕಣಾಚಾರಿ ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಹಳೇಬೀಡೂ ಅವನದೇ, ಸೋಮನಾಥಪುರವೂ ಅವನದೇ! ಅವನ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿಯೂ ಇದೆ. ಬೇಲೂರಿನ ಗುಡಿ 1117ರದು, ಸೋಮನಾಥಪುರದ್ದು 1268ರದು. ನಡುವೆ ನೂರೈವತ್ತು ವರ್ಷ. ಇಷ್ಟು ಕಾಲ ಉಳಿ ಹಿಡಿದವನು ಇರಲು ಸಾಧ್ಯವೇ? ಬೇಲೂರಿನ ಮದನಿಕೆಯರ ಪೀಠದ ಹತ್ತಿರ ಕಣ್ಣಿಟ್ಟು ನೋಡಿದರೆ ಬೇರೆಯೇ ಸಹಿಗಳು ಸಿಗುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬವನು ಮೂರ್ತಿಗಳ ಕೆಳಗೆ ಮತ್ತೆ ಮತ್ತೆ ತನ್ನ ಹೆಸರು ಕೊರೆದಿದ್ದಾನೆ. ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟವರು ಮರೆತುಹೋದರು, ಐತಿಹ್ಯದವನು ಉಳಿದ.

ವಿಜ್ಞಾನದಲ್ಲಿಯೂ ಇದೇ ಕಥೆ. ವಿದ್ಯುತ್ ದೀಪ ಎಂದರೆ ಎಡಿಸನ್ ಎಂದು ನಾವು ರಸಪ್ರಶ್ನೆಗೆ ಉತ್ತರ ಬರೆಯುತ್ತೇವೆ. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಇಂಗಾಲದ ಎಳೆಯ ದೀಪ ಬೆಳಗಿಸಿ ತೋರಿಸಿದ್ದರು. ಎಡಿಸನ್ನರ ಮೆನ್ಲೊ ಪಾರ್ಕ್ ಪ್ರಯೋಗಾಲಯದಲ್ಲಿ ದುಡಿದ ಕೈಗಳೂ ಹಲವು. ಹಾಗೆಂದು ಎಡಿಸನ್ ಬರೀ ಬೂಟಾಟಿಕೆ ಎನ್ನುವ ಇಂದಿನ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಉತ್ಪಾದಿಸಿ, ತಂತಿ ಎಳೆದು, ಮನೆ ಅಂಗಡಿಗಳಿಗೆ ಮಾರಿದ್ದು ದೊಡ್ಡ ಕೆಲಸ. ಆ ಕೀರ್ತಿ ಅವರಿಗೆ ಸಲ್ಲಲೇಬೇಕು. ಬಲ್ಬನ್ನು ಒಬ್ಬರೇ ಕಂಡುಹಿಡಿದರು ಎಂಬುದಷ್ಟೇ ಹೆಚ್ಚುವರಿ ಜಮೆ.

ಈ ಪರಿಣಾಮಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ದೊಡ್ಡ ಹೆಸರು ಕದಿಯುವುದಷ್ಟೇ ಅಲ್ಲ, ಕೆಲವೊಮ್ಮೆ ಎತ್ತಿಯೂ ಹಿಡಿಯುತ್ತದೆ. 1924ರಲ್ಲಿ ಢಾಕಾದಿಂದ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳ ಕುರಿತ ತಮ್ಮ ಲೇಖನವನ್ನು ಐನ್‌ಸ್ಟೈನ್‌ಗೆ ಕಳುಹಿಸಿದರು. ಐನ್‌ಸ್ಟೈನ್ ತಾವೇ ಅದನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟವಾಗುವಂತೆ ನೋಡಿಕೊಂಡರು. ಆ ಹೆಸರಿನ ಬೆಂಬಲವಿಲ್ಲದಿದ್ದರೆ ಯುರೋಪಿನ ಗಮನ ಅಷ್ಟು ಬೇಗ ಬೋಸರತ್ತ ತಿರುಗುತ್ತಿತ್ತೇ? ಅನುಮಾನ. ಬೋಸರಿಗೆ ನೊಬೆಲ್ ಮಾತ್ರ ಬರಲಿಲ್ಲ. ಬೋಸ್–ಐನ್‌ಸ್ಟೈನ್ ದ್ರವ್ಯಸ್ಥಿತಿಯನ್ನು (ಆ ಲೇಖನದ ಜಾಡಿನಲ್ಲೇ ಊಹಿಸಿದ್ದು, ಅತಿ ಶೀತದಲ್ಲಿ ಪರಮಾಣುಗಳು ಒಂದಾಗಿ ವರ್ತಿಸುವ ಸ್ಥಿತಿ) ಪ್ರಯೋಗಾಲಯದಲ್ಲಿ ಸಾಧಿಸಿದವರಿಗೆ 2001ರಲ್ಲಿ ಬಂತು.

ತಮಾಷೆಯೆಂದರೆ, ಮರ್ಟನ್ನರ ಲೇಖನವೇ ಅದು ವರ್ಣಿಸುವ ರೋಗಕ್ಕೆ ತುತ್ತಾಗಿತ್ತು. ಅದರ ಆಧಾರ ನೊಬೆಲ್ ವಿಜೇತರೊಂದಿಗೆ ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಜುಕರ್‌ಮನ್ ನಡೆಸಿದ ಸಂದರ್ಶನಗಳು. ಲೇಖನದಲ್ಲಿ ಹೆಸರು ಮರ್ಟನ್ನರದು ಮಾತ್ರ. ಅದು ಇಬ್ಬರ ಹೆಸರಿನಲ್ಲೂ ಬರಬೇಕಿತ್ತು ಎಂದು ಅವರೇ ಮುಂದೆ ಒಪ್ಪಿಕೊಂಡರು. ಹೆಂಗಸರ ಕೆಲಸ ಗಂಡಸರ ಪಾಲಾಗುವ ಈ ಬಗೆಗೆ ಇತಿಹಾಸಕಾರ್ತಿ ಮಾರ್ಗರೆಟ್ ರೊಸಿಟರ್ 1993ರಲ್ಲಿ ‘ಮಟಿಲ್ಡಾ ಪರಿಣಾಮ’ ಎಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು.

ಒಂದು ಎಚ್ಚರಿಕೆ: ಹೆಸರು ಮರೆಯಾದ ಕಡೆಯೆಲ್ಲ ಈ ಪದವನ್ನು ಹಚ್ಚಬಾರದು. ಚಿಕ್ಕಮಗಳೂರಿನ ತೋಟಗಳಲ್ಲಿ ಹಳಬರಿಗೆಲ್ಲ ಗೊತ್ತಿರುವ ಕಾಫಿ ತಳಿ ಎಸ್. 795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ಅದರ ಹಿರೀಕ ತಳಿ ಕೆಂಟ್ಸ್‌ಗೆ ಒಬ್ಬ ಪ್ಲಾಂಟರ್‌ನ ಹೆಸರಿದೆ, 795ಕ್ಕೆ ಇರುವುದು ನಂಬರ್ ಮಾತ್ರ. ಅದನ್ನು ರೂಪಿಸಿದವರ ಹೆಸರು ಬೆಳೆಗಾರರ ಬಾಯಲ್ಲಿಲ್ಲ, ನಿಜ. ಆದರೆ ಅವರ ಶ್ರೇಯಸ್ಸನ್ನು ಯಾವ ದೊಡ್ಡ ಹೆಸರೂ ನುಂಗಿಲ್ಲ. ಅದು ಮ್ಯಾಥ್ಯೂ ಪರಿಣಾಮವಲ್ಲ, ಬರೀ ಮರೆವು.