ಗೋಪ್ಯ ಕಡತಕ್ಕೆ ಬೀರು ಸಾಲದು

ಮುಂಬಯಿ ಫೋರ್ಟ್‌ನ ವಕೀಲರ ಕಚೇರಿಯಿರಲಿ, ಥಾಣೆಯ ಲೆಕ್ಕಪರಿಶೋಧಕರ ಕಚೇರಿಯಿರಲಿ, ನಮ್ಮವರ ಗೋಪ್ಯ ಕಡತಗಳು ಹೆಚ್ಚಾಗಿ ಇರುವುದು ನಾಲ್ಕು ಡ್ರಾಯರಿನ ಉಕ್ಕಿನ ಕ್ಯಾಬಿನೆಟ್ಟಿನಲ್ಲಿ. ಅದರ ಮೇಲ್ತುದಿಯ ಪುಟ್ಟ ಬೀಗದ ಮುಖ ನೋಡಿ. ಅಲ್ಲಿ ಅಂಕೆ ಕೆತ್ತಿದ್ದರೆ ಅದು ಬಹುತೇಕ ಕೀಲಿಯ ಸಂಖ್ಯೆ. ಅದನ್ನು ಗುರುತು ಹಾಕಿಕೊಂಡವರಿಗೆ ಇನ್ನೊಂದು ಕೀಲಿ ಸಿಗುವುದು ಕಷ್ಟವಲ್ಲ. ಇಣುಕುವವರನ್ನು ಈ ಬೀಗ ತಡೆದೀತು, ಕದಿಯಬಂದವರನ್ನಲ್ಲ.

ಉಯಿಲು, ಒಪ್ಪಂದ, ಟೆಂಡರ್ ದರಪಟ್ಟಿಗಳಿಗೆ ಮೂರು ಚಕ್ರದ ಡಯಲ್ ಬೀಗವಿರುವ, ಅಂದರೆ ಡಯಲ್ ತಿರುಗಿಸಿ ಮೂರು ಸಂಖ್ಯೆ ಹೊಂದಿಸಿದರೆ ತೆರೆಯುವ ತಿಜೋರಿಯೇ ಬೇಕು. ಡಯಲಿನಲ್ಲಿ 100 ಗೆರೆ, ಹಾಗಾಗಿ ಲೆಕ್ಕಕ್ಕೆ 100×100×100, ಅಂದರೆ 10 ಲಕ್ಷ ಜೋಡಣೆ. ನಿಜದಲ್ಲಿ ಅಷ್ಟಿಲ್ಲ: ಅಕ್ಕಪಕ್ಕದ ಗೆರೆಗೂ ಬೀಗ ತೆರೆದುಕೊಳ್ಳಬಹುದು, ಕೆಲವು ಮಾದರಿಗಳಲ್ಲಿ ಕೊನೆಯ ಸಂಖ್ಯೆ 0ರಿಂದ 20ರೊಳಗೆ ಬರುವಂತಿಲ್ಲ. ಇದರ ಮೇಲೆ ಮಗಳ ಜನ್ಮದಿನವನ್ನೇ ಇಟ್ಟರೆ ಊಹಿಸುವವರ ಕೆಲಸ ಇನ್ನೂ ಹಗುರ.

ತಿಜೋರಿ ಬಂದ ದಿನವೇ ಕಾರ್ಖಾನೆಯವರು ಹೊಂದಿಸಿದ್ದ ಸಂಖ್ಯೆ ಬದಲಿಸಿ. ಸಂಖ್ಯೆ ತಿಳಿದವರು ಕೆಲಸ ಬಿಟ್ಟಾಗ, ರಿಪೇರಿಯವರು ಬಂದುಹೋದಾಗ, ಬೆಳಿಗ್ಗೆ ಬಾಗಿಲು ತೆರೆದೇ ಇದ್ದದ್ದು ಕಂಡಾಗ ಮತ್ತೆ ಬದಲಿಸಿ. ಬದಲಿಸುವಾಗ ಬಾಗಿಲು ತೆರೆದೇ ಇರಲಿ. ಡಯಲಿನ ಸುತ್ತಲ ಉಂಗುರದಲ್ಲಿ ಮಾಮೂಲಿ ತೆರೆಯುವ ಗೆರೆಯ ಪಕ್ಕ ಬದಲಾವಣೆ ಗೆರೆ ಇರುತ್ತದೆ. ಹಳೆಯ ಸಂಖ್ಯೆಗಳನ್ನು ಅದಕ್ಕೆ ಹೊಂದಿಸಿ, ಬೀಗದ ಹಿಂಬದಿಯ ತೂತಿಗೆ ಬದಲಾವಣೆ ಕೀಲಿ ತೂರಿಸಿ ಕಾಲು ಸುತ್ತು ತಿರುಗಿಸಿ. ಹೊಸ ಸಂಖ್ಯೆಗಳನ್ನೂ ಅದೇ ಗೆರೆಗೆ ತಂದು ಕೀಲಿ ಹಿಂದಿರುಗಿಸಿ. ಈಗ ಬೀಗದ ಬೋಲ್ಟ್ (ಅಗುಳಿ) ಹೊರಚಾಚಿಸಿ, ಮಾಮೂಲಿ ತೆರೆಯುವ ಗೆರೆಯಲ್ಲಿ ಮೂರು ಸಲ ಪರೀಕ್ಷಿಸಿ. ಮೂರು ಸಲವೂ ಬೋಲ್ಟ್ ಒಳಸರಿದರೆ ಮಾತ್ರ ಬಾಗಿಲು ಮುಚ್ಚಿ. ತಪ್ಪಾಗಿ ಹೊಂದಿಸಿ ಬಾಗಿಲು ಮುಚ್ಚಿದರೆ ಆಮೇಲೆ ಕೊರೆಯುವ ಯಂತ್ರವೇ ಬರಬೇಕಾದೀತು. ಸಂಖ್ಯೆ ಬರೆದ ಚೀಟಿಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ, ಬೇರೊಂದು ತಿಜೋರಿಯಲ್ಲಿಡಿ. ಮೇಜಿನ ಗಾಜಿನಡಿ ಖಂಡಿತ ಬೇಡ.

ಕಳ್ಳರಷ್ಟೇ ಭಯ ಬೆಂಕಿ-ನೀರಿನದ್ದೂ. 2012ರ ಜೂನ್‌ನಲ್ಲಿ ಮುಂಬಯಿಯ ಮಂತ್ರಾಲಯಕ್ಕೆ (ಮಹಾರಾಷ್ಟ್ರ ಸರ್ಕಾರದ ಸಚಿವಾಲಯ) ಬೆಂಕಿ ಬಿದ್ದು ಎಷ್ಟೋ ಕಡತ ಸುಟ್ಟವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯಾದರೆ ಕೆಳ ಅರೆಯಲ್ಲಿ ಮೂಲಪ್ರತಿ ಇಡಬೇಡಿ. ಕಾಗದಕ್ಕೆಂದು ಮಾಡಿದ ಅಗ್ನಿನಿರೋಧಕ ತಿಜೋರಿ, ನಿಗದಿತ ಅವಧಿಯವರೆಗೆ, ಒಳಗಿನ ಶಾಖವನ್ನು ಸುಮಾರು 177 ಡಿಗ್ರಿ ಸೆಲ್ಸಿಯಸ್ ದಾಟಲು ಬಿಡದು. ಕಾಗದಕ್ಕೆ ಅದು ಸಾಕು, ಪೆನ್ ಡ್ರೈವ್‌ಗೆ ಸಾಲದು. ಇಂಥ ತಿಜೋರಿಯ ಗೋಡೆಯೊಳಗಿನ ತುಂಬುವಸ್ತುವೇ ತೇವ ಹಿಡಿದಿರುತ್ತದೆ. ಮುಂಬಯಿ ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಡದಿದ್ದರೆ ಛಾಪಾಕಾಗದಕ್ಕೆ ಬೂಷ್ಟು ಹಿಡಿಯುತ್ತದೆ.

ಡಯಲ್ ಬಿಗಿಯಾದರೆ ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ. ಧೂಳು ಅಂಟಿ ಚಕ್ರಗಳು ಒಂದನ್ನೊಂದು ಎಳೆಯತೊಡಗುತ್ತವೆ. ತಿಜೋರಿ ರಿಪೇರಿಯವರಿಂದ ಬಿಚ್ಚಿಸಿ ಒರೆಸಿಸಿ, ಅವರು ಹೋದ ಮೇಲೆ ಸಂಖ್ಯೆ ಬದಲಿಸಿ.