ಹೊಸ ಕಾರಿನ ಸದ್ದು: ಹಲ್ಲುಗಳ ಲೆಕ್ಕ, ವಾರಂಟಿಯ ಲೆಕ್ಕ

ಹೊಸ ಕಾರು ಕೆಲವು ಸಾವಿರ ಕಿಲೋಮೀಟರ್ ಓಡುವುದರೊಳಗೆ ಅದರ ತಳಭಾಗದಿಂದ ‘ಗುಂಯ್’ ಎನ್ನುವ ಸಣ್ಣ ಸದ್ದು ಶುರುವಾಗುವುದು, ಅದನ್ನು ಸರ್ವಿಸ್ ಸೆಂಟರಿಗೆ ಒಯ್ದಾಗ ‘ನಮಗೆ ಕೇಳಿಸಲಿಲ್ಲ’ ಅಥವಾ ‘ಈ ಮಾಡೆಲ್ಲಿನಲ್ಲಿ ಇದು ನಾರ್ಮಲ್’ ಎಂಬ ಉತ್ತರ ಸಿಗುವುದು ಅನೇಕ ಮಾಲೀಕರ ಅನುಭವ. ಈ ಎರಡೂ ಉತ್ತರಗಳು ಪ್ರಾಮಾಣಿಕವಾಗಿರಲು ಸಾಧ್ಯವಿದೆ. ಆದರೆ ಎರಡನ್ನೂ ಪರೀಕ್ಷೆಗೆ ಒಡ್ಡಲು ಬರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ತಿರುಗುವ ಯಂತ್ರದಿಂದ ಹೊರಡುವ ಸದ್ದನ್ನು ಅಳೆಯಬಹುದು; ಅಳೆದರೆ ಅದು ಯಾವ ಭಾಗದಿಂದ ಬರುತ್ತಿದೆ ಎಂಬುದನ್ನು ಬಹುಮಟ್ಟಿಗೆ ಲೆಕ್ಕದಿಂದಲೇ ಹೇಳಬಹುದು.

ಎಂಜಿನ್ನಿನ ಶಕ್ತಿ ಚಕ್ರವನ್ನು ತಲುಪುವ ದಾರಿಯಲ್ಲಿ ಕ್ಲಚ್, ಗೇರ್‌ಬಾಕ್ಸ್, ಎಡಬಲ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್, ಆಕ್ಸಲ್, ಅದರ ಎರಡು ತುದಿಗಳ ಜಾಯಿಂಟುಗಳು ಮತ್ತು ಚಕ್ರ ಸಲೀಸಾಗಿ ತಿರುಗಲು ಗುಂಡುಗಳನ್ನಿಟ್ಟ ಬೇರಿಂಗ್ ಇವೆ. ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳು ಮುಂಚಕ್ರದಿಂದ ಎಳೆಯುವಂಥವು. ಅವುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ. ಇವುಗಳಲ್ಲಿ ಪ್ರತಿಯೊಂದೂ ತಿರುಗುವ ವೇಗ ಬೇರೆ, ಒಂದು ಸುತ್ತಿನಲ್ಲಿ ಎಷ್ಟು ಬಾರಿ ತಟ್ಟುತ್ತದೆ ಎಂಬುದೂ ಬೇರೆ. ಆದ್ದರಿಂದ ಪ್ರತಿಯೊಂದರ ಸದ್ದಿಗೂ ತನ್ನದೇ ಆದ ಆವೃತ್ತಿ, ಅಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಸಂಖ್ಯೆ ಇರುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. 195/55 ಆರ್16 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಆದ್ದರಿಂದ ಚಕ್ರ ಸೆಕೆಂಡಿಗೆ ಸುಮಾರು ಎಂಟೂವರೆ ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ದೊಡ್ಡ ಗೇರಿನಲ್ಲಿ 73 ಹಲ್ಲುಗಳಿವೆ ಎಂದುಕೊಂಡರೆ, ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 620 ಹಲ್ಲುಗಳು ಒಂದಾದ ಮೇಲೊಂದು ಎದುರಿನ ಗೇರಿನೊಂದಿಗೆ ಕೂಡುತ್ತವೆ. ಅಲ್ಲಿಂದ ಹೊರಡುವ ನಾದದ ಆವೃತ್ತಿಯೂ ಅಷ್ಟೇ, 620 ಹರ್ಟ್ಸ್. ವೇಗ 80ಕ್ಕೆ ಏರಿದರೆ ಅದು ಸುಮಾರು 830 ಹರ್ಟ್ಸ್ ಆಗುತ್ತದೆ. ಚಕ್ರದ ಬೇರಿಂಗಿನ ಸಂಖ್ಯೆ ತೀರ ಭಿನ್ನ. ಬೇರಿಂಗಿನ ಹೊರ ಉಂಗುರದ ಒಂದು ಬಿಂದುವಿನ ಮೇಲೆ ಚಕ್ರದ ಪ್ರತಿ ಸುತ್ತಿಗೆ ಹಾದುಹೋಗುವುದು ಒಟ್ಟು ಗುಂಡುಗಳ ಸುಮಾರು ಶೇ. 40ರಷ್ಟು ಮಾತ್ರ, 13 ಗುಂಡುಗಳಿದ್ದರೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 44ರ ಆಸುಪಾಸು. ಹಾಗಾಗಿಯೇ ಹಾಳಾದ ಬೇರಿಂಗಿನ ಸದ್ದು ಕೆಳಸ್ತರದ ಗುಡುಗುಡು ಎಂಬಂತೆಯೂ ಗೇರಿನ ಸದ್ದು ತೆಳುವಾದ ಶ್ರುತಿಯಂತೆಯೂ ಕೇಳಿಸುತ್ತವೆ.

ಹೊಸ ಗೇರು ಸದ್ದು ಮಾಡುವುದೇಕೆ? ಎರಡು ಗೇರುಗಳ ಹಲ್ಲುಗಳು ಲೆಕ್ಕಕ್ಕೆ ಸರಿಯಾಗಿ ಕೂಡುತ್ತಾ ಹೋದರೆ ಒಂದು ಗೇರು ಏಕರೂಪವಾಗಿ ತಿರುಗಿದಾಗ ಇನ್ನೊಂದೂ ಏಕರೂಪವಾಗಿ ತಿರುಗಬೇಕು. ಆದರೆ ಹಲ್ಲಿನ ಆಕಾರದಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಭಾರ ಬಿದ್ದಾಗ ಹಲ್ಲು ಸ್ವಲ್ಪ ಬಾಗುತ್ತದೆ, ಶಾಫ್ಟ್ ಕೂದಲೆಳೆಯಷ್ಟು ಓರೆಯಾಗುತ್ತದೆ. ಇದರಿಂದ ಎರಡನೆಯ ಗೇರು ಇರಬೇಕಾದ ಸ್ಥಾನಕ್ಕಿಂತ ತುಸು ಹಿಂದೆ ಮುಂದೆ ಆಗುತ್ತಾ ಸಾಗುತ್ತದೆ. ಈ ತಪ್ಪು ಕೆಲವೇ ಮೈಕ್ರಾನುಗಳಷ್ಟಿದ್ದರೂ, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗದಷ್ಟಿದ್ದರೂ ಸಾಕು, ಆ ನಡುಕ ಬೇರಿಂಗುಗಳ ಮೂಲಕ ಗೇರ್‌ಬಾಕ್ಸಿನ ಕವಚಕ್ಕೆ, ಅಲ್ಲಿಂದ ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ದಾಟಿ ಕಾರಿನ ಮೈಗೆ ಹರಿದು ಒಳಗೆ ಕುಳಿತವರಿಗೆ ಕೇಳಿಸುತ್ತದೆ. ಒಂದೇ ಸಾಲಿನಲ್ಲಿ ತಯಾರಾದ ಎರಡು ಕಾರುಗಳಲ್ಲಿ ಒಂದು ಮೌನವಾಗಿದ್ದು ಇನ್ನೊಂದು ಗುಂಯ್‌ಗುಡುವುದಕ್ಕೆ ಇಷ್ಟು ಸೂಕ್ಷ್ಮ ವ್ಯತ್ಯಾಸವೇ ಕಾರಣವಾಗಬಲ್ಲದು.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಕೆಲವು ಸದ್ದುಗಳು ನಿಜಕ್ಕೂ ವಿನ್ಯಾಸದ ಭಾಗವೇ ಆಗಿವೆ. ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕಡೆದಿರುತ್ತಾರೆ. ಓರೆ ಹಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಕೂಡುವುದರಿಂದ ಸದ್ದು ಕಡಿಮೆ. ಅನೇಕ ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲಿ ರಿವರ್ಸ್ ಗೇರಿಗೆ ಮಾತ್ರ ನೇರ ಹಲ್ಲುಗಳಿದ್ದು, ಇಡೀ ಹಲ್ಲು ಒಮ್ಮೆಲೇ ತಾಗುತ್ತದೆ. ರಿವರ್ಸಿನಲ್ಲಿ ಕೇಳುವ ಕೀರಲು ನಾದ ಅಲ್ಲಿಂದಲೇ ಬರುವುದು, ಅದಕ್ಕೆ ದೂರು ಕೊಟ್ಟು ಪ್ರಯೋಜನವಿಲ್ಲ. ವಿದ್ಯುತ್ ಕಾರುಗಳಲ್ಲಿಯೂ ಗೇರಿನ ತೆಳು ನಾದ ಸ್ಪಷ್ಟವಾಗಿ ಕೇಳುತ್ತದೆ, ಏಕೆಂದರೆ ಅದನ್ನು ಮುಚ್ಚಿಡಲು ಅಲ್ಲಿ ಎಂಜಿನ್ನಿನ ಸದ್ದೇ ಇಲ್ಲ.

ಪತ್ತೆ ಹಚ್ಚುವ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸದ್ದು ಎಂಜಿನ್ನಿನ ವೇಗವನ್ನು ಹಿಂಬಾಲಿಸುತ್ತದೆಯೋ ಚಕ್ರದ ವೇಗವನ್ನೋ ಎಂಬುದು. 60 ಕಿ.ಮೀ. ವೇಗವನ್ನು ಹಾಗೆಯೇ ಕಾಯ್ದುಕೊಂಡು ನಾಲ್ಕನೇ ಗೇರಿನಿಂದ ಮೂರನೆಯದಕ್ಕೆ ಬಂದಾಗ ಶ್ರುತಿ ಬದಲಾದರೆ ಮೂಲ ಎಂಜಿನ್ ಅಥವಾ ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ಕಡೆಗಿದೆ. ಬದಲಾಗದಿದ್ದರೆ ಡಿಫರೆನ್ಷಿಯಲ್, ಬೇರಿಂಗ್ ಅಥವಾ ಟೈರು. ಒಂದೇ ಒಂದು ಗೇರಿನಲ್ಲಿ ಮಾತ್ರ ಕೇಳಿದರೆ ಆ ಗೇರಿನ ಜೋಡಿಯನ್ನೇ ಅನುಮಾನಿಸಬೇಕು. ಎರಡನೆಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಇನ್ನೂ ಬೆಲೆಯುಳ್ಳದ್ದು, ಆದರೆ ಅದನ್ನು ಕೇಳುವವರು ಕಡಿಮೆ. ಗೇರಿನ ಪ್ರತಿ ಹಲ್ಲಿಗೂ ಎರಡು ಮುಖಗಳಿವೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಮುಖ ಒತ್ತಡ ಹೊರುತ್ತದೆ, ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಇನ್ನೊಂದು ಮುಖ ಹೊರುತ್ತದೆ. ಒತ್ತಿದಾಗ ಮಾತ್ರ ಕೇಳಿ, ಬಿಟ್ಟ ಕ್ಷಣ ಮಾಯವಾಗುವ ಸದ್ದು ಗೇರಿನದ್ದೇ ಆಗಿರುವ ಸಾಧ್ಯತೆ ಬಹಳ ಹೆಚ್ಚು; ಟೈರಿಗಾಗಲಿ ಚಕ್ರದ ಬೇರಿಂಗಿಗಾಗಲಿ ಕಾಲು ಎಲ್ಲಿದೆ ಎಂಬುದರಿಂದ ಅಷ್ಟು ವ್ಯತ್ಯಾಸವಾಗುವುದಿಲ್ಲ.

ಬೇರಿಂಗಿನ ಸದ್ದು ತಿರುವಿನಲ್ಲಿ ಬದಲಾಗುತ್ತದೆ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲ ಚಕ್ರಗಳ ಮೇಲೆ ವಾಲುತ್ತದೆ, ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗನ್ನು ನೋಡಬೇಕು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದಿನ ಗುಣವೇ ಬದಲಾದರೆ ಅದು ಟೈರಿನದ್ದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ಕೇಳುವ ‘ಕಟ್ ಕಟ್’ ಆಕ್ಸಲ್ಲಿನ ಹೊರತುದಿಯ ಬಾಗುವ ಜಾಯಿಂಟಿನದ್ದು (ಸಿ.ವಿ. ಜಾಯಿಂಟ್). ನ್ಯೂಟ್ರಲ್‌ನಲ್ಲಿ ನಿಂತಾಗ ಕೇಳುತ್ತಿದ್ದು ಕ್ಲಚ್ ತುಳಿದೊಡನೆ ನಿಲ್ಲುವ ಸದ್ದು ಗೇರ್‌ಬಾಕ್ಸಿನೊಳಗಿನದು. ತುಳಿದಾಗಲೇ ಹುಟ್ಟುವ ಸದ್ದಾದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನ ಕಡೆಗೆ ಬೆರಳು ತೋರಿಸುತ್ತದೆ.

ಸರ್ವಿಸ್ ಸೆಂಟರಿನವರಿಗೆ ಸದ್ದು ಏಕೆ ಕೇಳಿಸುವುದಿಲ್ಲ ಎಂಬುದಕ್ಕೂ ಭೌತವಿಜ್ಞಾನದಲ್ಲಿ ಉತ್ತರವಿದೆ. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಿದ್ದಾಗ ದಪ್ಪಗಿರುತ್ತದೆ, ಹಲ್ಲುಗಳ ಅದುರನ್ನು ತಡೆಯುತ್ತದೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಓಡಿ ಬಿಸಿಯಾದಾಗ ತೆಳ್ಳಗಾಗಿ ಆ ಹಿಡಿತ ಸಡಿಲವಾಗುತ್ತದೆ. ಬೆಳಿಗ್ಗೆ ಬಿಟ್ಟುಹೋದ ಕಾರನ್ನು ಮಧ್ಯಾಹ್ನ ಹೊರತೆಗೆದು, ಬೆಂಗಳೂರಿನಂಥ ಊರಿನ ದಟ್ಟಣೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಎಣ್ಣೆ ಬಿಸಿಯಾಗುವುದಿಲ್ಲ, ವೇಗವೂ ಮುಟ್ಟುವುದಿಲ್ಲ. ಇದರ ಜೊತೆಗೆ ಅನುರಣನೆಯ ಪ್ರಶ್ನೆಯಿದೆ. ಕಾರಿನ ಮೈಯ ತಗಡು, ಎಂಜಿನ್ ಮೌಂಟ್, ಗೇರ್ ಬದಲಿಸುವ ಕೇಬಲ್ಲು ಇವುಗಳಿಗೆಲ್ಲ ತಮ್ಮದೇ ಸಹಜ ಆವೃತ್ತಿಗಳಿವೆ. ಗೇರಿನ ಆವೃತ್ತಿ ಏರುತ್ತಾ ಬಂದು ಅವುಗಳಲ್ಲಿ ಒಂದರೊಂದಿಗೆ ಹೊಂದಿದಾಗ ಮಾತ್ರ ಸದ್ದು ದೊಡ್ಡದಾಗುತ್ತದೆ. 58ರಿಂದ 65ರ ನಡುವೆ ಕೇಳಿ ನಂತರ ಅಡಗುವ ಸದ್ದನ್ನು 40ರಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಕಿಟಕಿ ತೆರೆದಿದ್ದರೆ, ಎ.ಸಿ. ಫ್ಯಾನ್ ಜೋರಾಗಿದ್ದರೆ ಗಾಳಿಯ ಸದ್ದೇ ಇದನ್ನು ನುಂಗಿಬಿಡುತ್ತದೆ.

ಆದ್ದರಿಂದ ‘ಕಾರು ಸದ್ದು ಮಾಡುತ್ತದೆ’ ಎಂದಷ್ಟೇ ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಸೆಂಟರಿನವರು ದೂರನ್ನು ಬರೆದುಕೊಳ್ಳುವ ಹಾಳೆ) ಬರೆಸುವುದರಿಂದ ಹೆಚ್ಚೇನೂ ಆಗುವುದಿಲ್ಲ. ‘40 ನಿಮಿಷ ಓಡಿದ ಮೇಲೆ, ನಾಲ್ಕನೇ ಗೇರಿನಲ್ಲಿ, 58ರಿಂದ 65 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಲಘುವಾಗಿ ಒತ್ತಿದಾಗ ಮಾತ್ರ’ ಎಂದು ಬರೆಸಿದರೆ ಅದೇ ದೂರು ಯಾರು ಬೇಕಾದರೂ ಪುನರಾವರ್ತಿಸಬಹುದಾದ ಪ್ರಯೋಗವಾಗುತ್ತದೆ. ಮೊಬೈಲಿನಲ್ಲಿ ಧ್ವನಿಯನ್ನು ಆವೃತ್ತಿಗಳಾಗಿ ಬಿಡಿಸಿ ಚಿತ್ರವಾಗಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಪಕ್ಕದಲ್ಲಿ ಕುಳಿತವರು (ಚಾಲಕರಲ್ಲ, ಇದನ್ನು ಒತ್ತಿ ಹೇಳಬೇಕು) ಧ್ವನಿಯನ್ನು ಮುದ್ರಿಸುತ್ತಾ, ವೇಗವನ್ನು ಬಾಯಲ್ಲಿ ಹೇಳುತ್ತಾ ಹೋದರೆ, ವೇಗದೊಂದಿಗೆ ಏರುವ ಗೇರಿನ ಗೆರೆ ಚಿತ್ರದಲ್ಲಿ ಓರೆಯಾಗಿ ಕಾಣುತ್ತದೆ, ಅನುರಣನೆಯ ಜಾಗ ಒಂದೇ ಎತ್ತರದಲ್ಲಿ ಹೊಳೆಯುತ್ತದೆ. ಸರ್ವಿಸ್ ಅಡ್ವೈಸರ್ ಅಥವಾ ಮೆಕ್ಯಾನಿಕ್ಕನ್ನು ಬಿಸಿಯಾದ ಕಾರಿನಲ್ಲೇ ಕೂರಿಸಿಕೊಂಡು ಒಟ್ಟಿಗೆ ಟೆಸ್ಟ್ ಡ್ರೈವ್ ಹೋಗಬೇಕು. ‘ನಾರ್ಮಲ್’ ಎಂದರೆ ಶೋರೂಮಿನ ಅದೇ ಮಾಡೆಲ್ಲಿನ ಡೆಮೊ ಕಾರನ್ನು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡೋಣ ಎಂದು ವಿನಂತಿಸುವುದು ಸಂಪೂರ್ಣ ನ್ಯಾಯಯುತ. ಎರಡರಲ್ಲೂ ಒಂದೇ ಸದ್ದಿದ್ದರೆ ಅವರ ಮಾತು ಸರಿ.

ವಾರಂಟಿ ಪುಸ್ತಕವನ್ನು ಓದಿದರೆ ಈ ಎಚ್ಚರಿಕೆ ಏಕೆ ಬೇಕು ಎಂಬುದು ತಿಳಿಯುತ್ತದೆ. ಕಾರ್ಯಕ್ಕೆ ತೊಂದರೆಯಾಗದ ಸದ್ದು, ಅದುರು, ಎಣ್ಣೆಯ ಸಣ್ಣ ಜಿನುಗು ಇವು ವಾರಂಟಿಗೆ ಒಳಪಡುವುದಿಲ್ಲ ಎಂಬ ಅರ್ಥದ ಷರತ್ತು ಹಲವು ಪುಸ್ತಕಗಳಲ್ಲಿ ಇರುತ್ತದೆ. ಅಂದರೆ ಸದ್ದಿಗೆ ರಕ್ಷಣೆಯಿಲ್ಲ, ಸದ್ದಿಗೆ ಕಾರಣವಾದ ದೋಷಕ್ಕೆ ಇದೆ. ಆ ನಂಟನ್ನು ತೋರಿಸುವುದು ಬೆಳವಣಿಗೆ: 4,000 ಕಿ.ಮೀ.ನಲ್ಲಿ ಸಣ್ಣಗಿದ್ದ ಸದ್ದು 9,000ದಲ್ಲಿ ದೊಡ್ಡದಾಗಿದ್ದರೆ ಏನೋ ಸವೆಯುತ್ತಿದೆ. ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿ ನೋಡಿದಾಗ ಬೂದುಬಣ್ಣದ ನುಣ್ಣನೆಯ ಲೇಪದಷ್ಟೇ ಇದ್ದರೆ ಅದು ಹೊಸ ಗೇರುಗಳು ಒಗ್ಗಿಕೊಳ್ಳುವಾಗಿನ ಸಹಜ ಸವೆತ. ಕೈಗೆ ಸಿಗುವ ಲೋಹದ ಚಕ್ಕೆಗಳಿದ್ದರೆ ಸಹಜವಲ್ಲ. ಈ ಪರೀಕ್ಷೆಯನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಬೇಕು. ಹೊರಗೆ ಬಿಚ್ಚಿಸಿದರೆ ವಾರಂಟಿಯನ್ನೇ ನಿರಾಕರಿಸಲು ಕಾರಣ ಸಿಕ್ಕಂತಾಗುತ್ತದೆ. ಪ್ರತಿ ಭೇಟಿಯ ಜಾಬ್ ಕಾರ್ಡ್, ಅದರಲ್ಲಿನ ಓಡೊಮೀಟರ್ ಅಂಕಿ, ‘ದೋಷ ಕಂಡುಬರಲಿಲ್ಲ’ ಎಂಬ ಷರಾ ಇದ್ದರೂ ಸರಿಯೇ, ಎಲ್ಲವನ್ನೂ ಜೋಪಾನ ಮಾಡಬೇಕು.

ಪದೇ ಪದೇ ರಿಪೇರಿಯಾದರೂ ಸರಿಹೋಗದ ಹೊಸ ಕಾರನ್ನು ಹಿಂತಿರುಗಿಸುವುದಕ್ಕೆಂದೇ ಅಮೆರಿಕದ ರಾಜ್ಯಗಳಲ್ಲಿ ಕಾನೂನುಗಳಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಕ್ಲಚ್ಚಿನ ದೋಷದ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತಿನಂತೆ ಕಂಪನಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದೇ ಹೊರತು ಇಡೀ ಕಾರನ್ನು ಬದಲಿಸುವುದಲ್ಲ ಎಂದು ಹೇಳಿತು. ಹಾಗಾಗಿ ಮೊದಲ ತಿಂಗಳಿನಲ್ಲೇ ‘ಹೊಸ ಕಾರು ಕೊಡಿ’ ಎಂದು ಹಟ ಹಿಡಿಯುವುದಕ್ಕಿಂತ, ಇಂಥ ಭಾಗ ದೋಷಪೂರಿತ ಎಂದು ತೋರಿಸಿ ಅದನ್ನು ಬದಲಿಸಿಕೊಳ್ಳುವ ದಾರಿ ಗಟ್ಟಿಯಾದದ್ದು. ಅದೂ ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ, ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವಿದೆ. 50 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗವೇ ಸಾಕು. ಕಾರು ಕೊಂಡ ಊರಿಗೇ ಹೋಗಬೇಕಿಲ್ಲ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಕೊಡಬೇಕು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಸೂಕ್ತ ಪ್ರಯೋಗಾಲಯದ ವರದಿ ತರಿಸಿಕೊಳ್ಳುವ ಅಧಿಕಾರ ಆಯೋಗಕ್ಕಿದೆ. ಆ ಹಂತದಲ್ಲಿ ದಿನಾಂಕ ಸಹಿತ ಜಾಬ್ ಕಾರ್ಡುಗಳೂ ಧ್ವನಿಮುದ್ರಣಗಳೂ ನೆರವಿಗೆ ಬರುತ್ತವೆ.

ಭಾಗ ಬದಲಾಗಿ ಕಾರು ಕೈಗೆ ಬಂದ ದಿನ, ಹಿಂದೆ ಮುದ್ರಿಸಿದ ಅದೇ ರಸ್ತೆಯಲ್ಲಿ, ಎಣ್ಣೆ ಬಿಸಿಯಾದ ಮೇಲೆ, ಅದೇ ಗೇರು ಅದೇ ವೇಗದಲ್ಲಿ ಇನ್ನೊಮ್ಮೆ ಮುದ್ರಿಸಬೇಕು. ಬೇರಿಂಗ್ ಬದಲಿಸಿದ ಮೇಲೂ 620 ಹರ್ಟ್ಸಿನ ಗೆರೆ ಅಲ್ಲೇ ಇದ್ದರೆ ಬದಲಾದದ್ದು ಬೇರೆ ಭಾಗ, ದೋಷವಿರುವುದು ಬೇರೆ ಕಡೆ. ಕಾರನ್ನು ಒಪ್ಪಿಕೊಳ್ಳುವ ಸಹಿ ಹಾಕುವ ಮೊದಲೇ ಅದನ್ನು ಬರೆಸಬೇಕು. ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಸಾಮಾನ್ಯವಾಗಿ ಹೊಸ ಅವಧಿ ಶುರುವಾಗುವುದಿಲ್ಲ, ಕಾರಿನ ಮೂಲ ವಾರಂಟಿಯಲ್ಲಿ ಉಳಿದಿರುವಷ್ಟು ಕಾಲ ಮಾತ್ರ ಅದಕ್ಕೂ ರಕ್ಷಣೆ ಇರುತ್ತದೆ. ಆದ್ದರಿಂದ ಈ ಮರುಪರೀಕ್ಷೆಯನ್ನು ಮುಂದಿನ ಸರ್ವಿಸಿನವರೆಗೆ ತಳ್ಳದೆ ಆ ದಿನವೇ ಮುಗಿಸುವುದು ಒಳ್ಳೆಯದು.